ಒಂಟಿಕೊಂಬಿನ ಮೇಸ್ತ್ರಿ

ಕಾಫಿ ತೋಟದವರ ಮಳೆ ಮಿಲಿಮೀಟರಿನಲ್ಲಿ ಬೀಳುವುದಿಲ್ಲ. ಅದಕ್ಕೆ ಇಂಚು, ಸೆಂಟು. 100 ಸೆಂಟಿಗೆ ಒಂದು ಇಂಚು. ನಮ್ಮ ಮೂಡಿಗೆರೆ ಕಡೆ ಬೆಳಿಗ್ಗೆ ಎದ್ದವರು ಅಂಗಳದ ಮಳೆಮಾಪಕದ ನೀರನ್ನು ಗಾಜಿನ ಕೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಡೈರಿಯಲ್ಲಿ ಬರೆದುಕೊಂಡ ಮೇಲೆಯೇ ಕಾಫಿ. ಕಾಫಿಯ ಜೊತೆಗೆ ಫೋನು. "ನಿಮ್ಮಲ್ಲಿ ಎಷ್ಟಾಯ್ತು?" ಎಂದದ್ದಕ್ಕೆ ಆ ಕಡೆಯಿಂದ ಬಂದ ಲೆಕ್ಕ ನಮ್ಮದಕ್ಕಿಂತ ಹತ್ತು ಸೆಂಟು ಹೆಚ್ಚಿದ್ದರೆ ಅವತ್ತಿನ ದಿನ ಸ್ವಲ್ಪ ಮಂಕು. ನಮ್ಮ ತಂದೆಯವರ ಕಪಾಟಿನಲ್ಲಿ ಇಂಥ ಡೈರಿಗಳು 32 ಇವೆ. ಮಳೆ ಬಿಟ್ಟು ಬೇರೆ ಸುದ್ದಿ ಅವುಗಳಲ್ಲಿ ಇಲ್ಲ. ನಾನು ಹುಟ್ಟಿದ ದಿನದ ಪುಟದಲ್ಲೂ "ಮಧ್ಯಾಹ್ನದ ಮೇಲೆ 0-40" ಎಂದಷ್ಟೇ ಇದೆ.

2020ರಲ್ಲಿ ಕಚೇರಿಗಳೆಲ್ಲ ಮುಚ್ಚಿ ಕೆಲಸ ಮನೆಗೇ ಬಂದಾಗ, ಮನೆ ಅಂದಮೇಲೆ ಬೆಂಗಳೂರಿನ ಬಾಡಿಗೆ ಮನೆಯೇ ಯಾಕಾಗಬೇಕೆಂದು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದೆ. ಬೆಳಗಿನ ಆ ಫೋನುಗಳನ್ನು ಕೇಳಿ ಕೇಳಿ, ಇಷ್ಟನ್ನೂ ಒಂದು ಕಡೆ ಬರೆದಿಡುವ ಸೈಟು ಮಾಡಿದರೆ ಹೇಗೆ ಅನ್ನಿಸಿತು. ಪೈಥಾನ್ ಗೊತ್ತಿತ್ತು. ಅದರಲ್ಲಿ ಸೈಟು ಕಟ್ಟುವ ಜಾಂಗೊ ಎಂಬ ಚೌಕಟ್ಟು ಕೂಡ ಅಷ್ಟಿಷ್ಟು ಗೊತ್ತಿತ್ತು. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಹೊರಜಗತ್ತಿಗೆ ಬಂದದ್ದು ಅದು. ಪತ್ರಿಕೆಯವರ ಕೂಸಾದ್ದರಿಂದ, ನಾಳೆ ಬೆಳಿಗ್ಗೆಗೇ ಬೇಕು ಎನ್ನುವವರಿಗೆ ಹೇಳಿ ಮಾಡಿಸಿದ್ದು. ತೋಟದ ಹೆಸರು, ತಾರೀಕು, ಇಂಚು, ಸೆಂಟು, ಬೇಕಿದ್ದರೆ ಕೊಳವೆಯ ಒಂದು ಫೋಟೊ. ಎರಡು ವಾರದ ರಜೆಗಳಲ್ಲಿ ಕೆಲಸ ಮುಗಿಯಿತು. ಮುಗಿಯಿತು ಎಂದು ನಾನು ಅಂದುಕೊಂಡೆ.

ಬರೆದ ಪ್ರೋಗ್ರಾಮನ್ನು ಊರವರ ಕೈಗೆ ಕೊಡುವುದು ಬೇರೆಯೇ ವಿದ್ಯೆ. ಜಾಂಗೊ ಜೊತೆಗೆ ಒಂದು ಪುಟಾಣಿ ಸರ್ವರ್ ಬರುತ್ತದೆ. ರನ್‌ಸರ್ವರ್ ಅಂತ ಹೊಡೆದರೆ ಎದ್ದು ನಿಲ್ಲುತ್ತದೆ. ಬರೆಯುವಾಗ ನೋಡಿಕೊಳ್ಳಲಿಕ್ಕೆ ಅಷ್ಟೇ ಇದು, ಇದನ್ನು ನಂಬಿ ಊರಿಗೆಲ್ಲ ಬಡಿಸಬೇಡಿ, ನಾವು ಸರ್ವರ್ ಮಾಡುವವರಲ್ಲ ಎಂದು ಅದನ್ನು ಮಾಡಿದವರೇ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಔಷಧಿ ಬಾಟಲಿಯ ಮೇಲಿನ ಸಣ್ಣಕ್ಷರವನ್ನೂ ಬಿಡದೆ ಓದುವ ನಾನು ಈ ದಪ್ಪಕ್ಷರವನ್ನು ಓದಿಯೂ ಬಿಟ್ಟೆ. ಮುಂಬಯಿಯಲ್ಲಿ ತಿಂಗಳ ಬಾಡಿಗೆಗೆ ಒಂದು ಯಂತ್ರ ಹಿಡಿದೆ: ಒಂದು ಕೋರ್, 1 ಜಿಬಿ ಮೆಮರಿ. ಮನೆಯ ಲ್ಯಾಪ್‌ಟಾಪಿನಿಂದ ಅದರೊಳಕ್ಕೆ ಹೊಕ್ಕು, ರನ್‌ಸರ್ವರ್ ಹಚ್ಚಿ, ಲ್ಯಾಪ್‌ಟಾಪನ್ನು ಊಟದ ಮನೆಯ ಕಿಟಕಿಯ ಮೇಲೆ ಬಾಯಿ ತೆರೆದೇ ಇಟ್ಟೆ. ಯಾರೂ ಮುಚ್ಚಕೂಡದೆಂದು ಮನೆಯವರಿಗೆಲ್ಲ ತಾಕೀತು. ದೀಪ ಆರದಂತೆ ನೋಡಿಕೊಳ್ಳುವ ಹಾಗೆ ಅಮ್ಮ ಅದಕ್ಕೆ ಗಾಳಿ ತಾಗದಂತೆ ಕಿಟಕಿ ಬಾಗಿಲು ಹಾಕಿದರು.

ಅದು ಫೆಬ್ರವರಿ. ಬಿಸಿಲಿನ ದಿನಗಳಲ್ಲಿ ಸೈಟು ಚೆನ್ನಾಗಿಯೇ ನಡೆಯಿತು, ದಾಖಲಿಸಲು ಮಳೆಯೇ ಇರಲಿಲ್ಲವಲ್ಲ. ಮಾರ್ಚಿನಲ್ಲಿ ಮೊದಲ ಮಳೆ ಬಂದ ಸಂಜೆ ಸೈಟು ಬಿತ್ತು. ಎಬ್ಬಿಸಿದೆ. ನಾಲ್ಕು ದಿನ ಬಿಟ್ಟು ಇನ್ನೊಂದು ಮಳೆ, ಮತ್ತೆ ಬಿತ್ತು. ಮಳೆ ಲೆಕ್ಕ ಇಡುವ ಸೈಟು ಮಳೆ ಬಂದಾಗ ಮಾತ್ರ ಇರುವುದಿಲ್ಲ ಎಂದು ಊರಲ್ಲಿ ನಗೆಪಾಟಲಾಯಿತು.

ಕಾರಣ ಹುಡುಕುವುದಕ್ಕೆ ಒಂದು ವಾರ ಹಿಡಿಯಿತು. ಮಲೆನಾಡಿನಲ್ಲಿ ನಾಲ್ಕು ಹನಿ ಬಿದ್ದರೆ ಮೊದಲು ಹೋಗುವುದು ಕರೆಂಟು. ಕರೆಂಟು ಹೋದರೆ ಮನೆಯ ವೈಫೈ. ವೈಫೈ ಹೋದರೆ ನನಗೂ ಮುಂಬಯಿಯ ಯಂತ್ರಕ್ಕೂ ನಡುವಿನ ಎಳೆ ಕಡಿಯುತ್ತದೆ. ಎಳೆ ಕಡಿದದ್ದು ಅರಿವಾದ ಯಂತ್ರ, ಆ ಎಳೆಯ ತುದಿಯಲ್ಲಿ ಓಡುತ್ತಿದ್ದ ಪ್ರೋಗ್ರಾಮಿಗೆ 'ಹಪ್' ಎಂಬ ಸಂಕೇತ ಕಳಿಸುತ್ತದೆ. ಹ್ಯಾಂಗಪ್ ಎಂಬುದರ ಮೊಟಕು ಅದು. ಕಂಪ್ಯೂಟರಿಗೆ ಟೆಲಿಫೋನ್ ತಂತಿಯಿಂದ ಮಾತಾಡುತ್ತಿದ್ದ ಕಾಲದ ಉಳಿಕೆ. ಆ ಕಡೆಯವರು ಫೋನ್ ಇಟ್ಟರು ಎಂದು ಅರ್ಥ. ಫೋನ್ ಇಟ್ಟ ಮೇಲೆ ಇನ್ಯಾರಿಗಾಗಿ ದುಡಿಯುವುದು ಎಂದು ಪ್ರೋಗ್ರಾಮು ಪ್ರಾಣ ಬಿಡುತ್ತದೆ. ಎಲ್ಲರೂ ನಿಯಮದ ಪ್ರಕಾರವೇ ನಡೆದುಕೊಂಡಿದ್ದರು, ತಪ್ಪಿದ್ದವನು ನಾನೊಬ್ಬ.

ಹೂಮಳೆಯ ದಿನ ಹೀಗಾದದ್ದಂತೂ ಮರೆಯುವ ಹಾಗಿಲ್ಲ. ತೋಟದವರಲ್ಲದವರಿಗೆ ಒಂದು ಮಾತು: ಬಿರುಬೇಸಿಗೆಯಲ್ಲಿ ಒಂದು ಇಂಚಿನ ಆಸುಪಾಸು ಮಳೆ ಬಿದ್ದರೆ, ಅಲ್ಲಿಯತನಕ ಅಕ್ಕಿಕಾಳಿನ ಹಾಗೆ ಬಿಗಿದು ಕೂತಿದ್ದ ಮೊಗ್ಗುಗಳು ಎಚ್ಚತ್ತು, ಎಂಟು ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾಗುತ್ತದೆ. ಮಲ್ಲಿಗೆಯ ಹತ್ತಿರದ ಪರಿಮಳ. ಮುಂದಿನ ವರ್ಷದ ಸಾಲ, ಮದುವೆ, ಜೀಪಿನ ಟಯರು ಎಲ್ಲ ಆ ಒಂದು ಮಳೆಯ ಮೇಲೆ. ಕಾಲು ಇಂಚು ಬಿದ್ದು ನಿಂತಿತೋ, ಹೂ ಅರೆಬರೆ. ಆದ್ದರಿಂದ ಆ ಸಂಜೆ ಇಡೀ ಸೀಮೆಗೆ ಒಂದೇ ಕುತೂಹಲ: ಯಾರಿಗೆ ಎಷ್ಟು ಬಿತ್ತು? ಇನ್ನೂರು ಮನೆಯವರು ಒಟ್ಟಿಗೆ ನನ್ನ ಸೈಟಿನ ಬಾಗಿಲು ತಟ್ಟಿದರು. ಒಳಗೆ ಹೆಣವಿತ್ತು.

ಬೆಂಗಳೂರಿನ ಗೆಳೆಯನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. "ಅಪ್ಲಿಕೇಶನ್ ಸರ್ವರ್ ಯಾವುದು ಹಾಕಿದೀಯ?" ಅಂದ. ನನ್ನ ಮೌನದಿಂದಲೇ ತಿಳಿದುಕೊಂಡು, "ಗುನಿಕಾರ್ನ್ ಹಾಕು ಮಾರಾಯ" ಎಂದ.

ಹೆಸರು ಕೇಳಿ ಮೊದಲು ಯಾವುದೋ ಮೆಕ್ಕೆಜೋಳದ ತಳಿ ಅಂದುಕೊಂಡೆ. ಗ್ರೀನ್ ಯುನಿಕಾರ್ನ್ ಎಂಬುದನ್ನು ಕುಗ್ಗಿಸಿದ್ದಂತೆ. ಹಸಿರು ಬಣ್ಣದ ಒಂಟಿಕೊಂಬಿನ ಕುದುರೆ. ರೂಬಿ ಭಾಷೆಯವರಲ್ಲಿ ಯುನಿಕಾರ್ನ್ ಎಂಬ ಸರ್ವರ್ ಇತ್ತು. ಬೆನ್ವಾ ಶೆನೋ ಎಂಬವರು ಅದರ ವರಸೆಯನ್ನು 2010ರ ಹೊತ್ತಿಗೆ ಪೈಥಾನಿಗೆ ತಂದರು. ಕುದುರೆಯಲ್ಲಿ ನನಗೆ ಅಷ್ಟು ಆಸಕ್ತಿ ಹುಟ್ಟಲಿಲ್ಲ, ಕೊಂಬಿನಲ್ಲಿ ಹುಟ್ಟಿತು. ನಮ್ಮ ಜಿಲ್ಲೆಯಲ್ಲೇ, ಶೃಂಗೇರಿಯ ಪಕ್ಕ, ಕಿಗ್ಗ ಎಂಬ ಊರಿದೆ. ಅಲ್ಲಿರುವುದು ಋಷ್ಯಶೃಂಗೇಶ್ವರ. ತಲೆಯ ಮೇಲೆ ಕೊಂಬಿದ್ದ ಮುನಿ. ಬೌದ್ಧರ ಸಂಸ್ಕೃತ ಕಥೆಗಳಲ್ಲಿ ಅವನ ಹೆಸರೇ ಏಕಶೃಂಗ. ಹೆಣ್ಣು ಎಂದರೇನೆಂದು ಅರಿಯದೆ ಬೆಳೆದ ಅವನನ್ನು ಅಂಗರಾಜ ರೋಮಪಾದ ಪುಸಲಾಯಿಸಿ ಕರೆಸಿಕೊಂಡನಂತೆ, ಅವನು ಕಾಲಿಟ್ಟದ್ದೇ ತಡ ಬರಗೆಟ್ಟ ನಾಡಿನಲ್ಲಿ ಮಳೆ. ಈಗಲೂ ಮಳೆ ಬಾರದಿದ್ದರೆ ಬರಲಿ ಎಂದೂ, ಹೆಚ್ಚಾದರೆ ನಿಲ್ಲಲಿ ಎಂದೂ ಜನ ಕಿಗ್ಗಕ್ಕೆ ಹೋಗಿ ಪೂಜೆ ಮಾಡಿಸುತ್ತಾರೆ. ಮಳೆಯ ಸೈಟಿಗೆ ಒಂಟಿಕೊಂಬಿನದೇ ಸರ್ವರ್ ಸಿಕ್ಕಿದ್ದು ನನಗಂತೂ ಕಾಕತಾಳೀಯ ಅನ್ನಿಸಲಿಲ್ಲ. ಗೆಳೆಯನಿಗೆ ಹೇಳಿದರೆ, "ಮೊದಲು ಕಾನ್ಫಿಗ್ ಫೈಲ್ ಸರಿ ಮಾಡು" ಎಂದ.

ಒಳಗಿನ ವ್ಯವಸ್ಥೆ ತಿಳಿದ ಮೇಲೆ ಋಷಿ ಹಿಂದೆ ಸರಿದು, ಆ ಜಾಗಕ್ಕೆ ನಮ್ಮ ತೋಟದ ಮೇಸ್ತ್ರಿ ಬಂದು ನಿಂತ.

ನನ್ನ ಬಾಲ್ಯದ ತುಂಬ ಇದ್ದ ಮೇಸ್ತ್ರಿ ಅವನು. ಸಿಲ್ವರ್ ಮರದ ಬುಡದಲ್ಲಿ ಕೊಡೆ ಊರಿಕೊಂಡು, ಎಲೆಯಡಿಕೆ ಜಗಿಯುತ್ತ ನಿಂತಿರುತ್ತಿದ್ದ. ಅಂಗಿಯ ಜೇಬಿನಲ್ಲಿ ಹಾಜರಿ ಪುಸ್ತಕ, ಕಿವಿಯ ಸಂದಿಯಲ್ಲಿ ಪೆನ್ಸಿಲು. ಬೆಳಿಗ್ಗೆ ಎಂಟಕ್ಕೆ ಕೊಟ್ಟಿಗೆಯ ಮುಂದೆ ನೇತುಹಾಕಿದ್ದ ರೈಲುಕಂಬಿಯ ತುಂಡನ್ನು ಬಡಿದನೆಂದರೆ ಆಳುಗಳು ಬಂದು ಸಾಲುಗಟ್ಟಬೇಕು. ಅವನು ಒಂದು ಹಣ್ಣು ಕೊಯ್ದದ್ದನ್ನು, ಒಂದು ಕಸಿ ಮಾಡಿದ್ದನ್ನು ನಾನು ಕಂಡಿಲ್ಲ. ಇವನಿಗ್ಯಾಕೆ ಹೆಚ್ಚಿನ ಸಂಬಳ ಎಂದು ಒಮ್ಮೆ ತಂದೆಯವರನ್ನು ಕೇಳಿದ್ದೆ. "ಅವನು ಬರದಿದ್ದ ದಿನ ಹೇಳ್ತೀನಿ" ಎಂದಿದ್ದರು. ವರ್ಷಕ್ಕೊಮ್ಮೆ ಅವನು ಊರ ಜಾತ್ರೆಗೆಂದು ಹೋದ ಮೂರು ದಿನ, ಒಂದು ಪಟ್ಟೆಯಲ್ಲಿ ಎರಡು ಸಲ ಕೊಯ್ಲಾಗಿ ಇನ್ನೊಂದರಲ್ಲಿ ಹಣ್ಣು ಉದುರಿ ನೆಲದ ಪಾಲಾಗುತ್ತಿತ್ತು.

ಗುನಿಕಾರ್ನ್ ಎದ್ದ ಕೂಡಲೇ ಮೊದಲು ಹುಟ್ಟುವುದು ಮಾಸ್ಟರ್ ಎಂಬ ಪ್ರೋಸೆಸ್. ಅದು ಬಾಗಿಲು ತೆರೆದು, ತನ್ನದೇ ಪಡಿಯಚ್ಚಿನ ಕೆಲವು ವರ್ಕರುಗಳನ್ನು ಹುಟ್ಟಿಸಿ, ಅಲ್ಲಿಗೆ ತನ್ನ ಕೈ ತೊಳೆದುಕೊಳ್ಳುತ್ತದೆ. ಹೊರಗಿನಿಂದ ಬಂದ ಒಂದೇ ಒಂದು ಕೋರಿಕೆಯನ್ನೂ ಮುಟ್ಟುವುದಿಲ್ಲ. ಮಾಸ್ಟರು ಒಬ್ಬೊಬ್ಬರಿಗೆ ಕೆಲಸ ಹಂಚುತ್ತದೆಂದು ನಾನು ಭಾವಿಸಿದ್ದೆ, ಅದೂ ಇಲ್ಲ. ವರ್ಕರುಗಳೆಲ್ಲ ಒಂದೇ ಬಾಗಿಲಿಗೆ ಕಿವಿಗೊಟ್ಟು ಕೂತಿರುತ್ತವೆ, ಬಂದದ್ದು ಯಾರ ಪಾಲಿಗೆ ಎಂಬುದು ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ಲಿಗೆ ಬಿಟ್ಟ ವಿಚಾರ. ಯಾವ ಗಿಡ ಯಾರಿಗೆ ಎಂದು ನಮ್ಮ ಮೇಸ್ತ್ರಿಯೂ ಹೇಳುತ್ತಿರಲಿಲ್ಲ.

ಹಾಗಾದರೆ ಮಾಸ್ಟರಿನ ಕೆಲಸ? ಹಾಜರಿ. ಪ್ರತಿ ವರ್ಕರ್‌ಗೂ ಒಂದು ತಾತ್ಕಾಲಿಕ ಫೈಲು ಇರುತ್ತದೆ. ಆಗಾಗ ಅದನ್ನು ಮುಟ್ಟಿ ಮುಟ್ಟಿ, ಇದ್ದೇನೆ ಎಂದು ಗುರುತು ಹಾಕುತ್ತಿರಬೇಕು. ಮಾಸ್ಟರು ಆ ಹೊತ್ತನ್ನೇ ನೋಡುತ್ತಿರುತ್ತದೆ. ನಾವು ಬೇರೆ ಹೇಳದಿದ್ದರೆ ಗಡುವು 30 ಸೆಕೆಂಡು. ಅಷ್ಟರಲ್ಲಿ ಗುರುತು ಬೀಳದಿದ್ದರೆ ಆ ವರ್ಕರು ಕೆಲಸದಲ್ಲಿ ಮುಳುಗಿದ್ದಾನೋ ಎಲ್ಲಿಯೋ ಸಿಕ್ಕಿಕೊಂಡಿದ್ದಾನೋ ಎಂದು ವಿಚಾರಿಸುವ ಗೋಜಿಲ್ಲ. ಲಾಗಿನಲ್ಲಿ 'ವರ್ಕರ್ ಟೈಮ್‌ಔಟ್' ಎಂದು ಒಂದು ಸಾಲು ಬರೆದು ಅವನನ್ನು ಕೊಂದು, ಅದೇ ಉಸಿರಿನಲ್ಲಿ ಹೊಸಬನನ್ನು ಹುಟ್ಟಿಸುತ್ತದೆ. ಈ ವಿಷಯದಲ್ಲಿ ನಮ್ಮ ಮೇಸ್ತ್ರಿ ಬಹಳ ಮೆದು.

ಯುನಿಕ್ಸ್ ಮಾಡಿದವರು ಸಂಸಾರದ ಮಾತುಗಳನ್ನೆಲ್ಲ ಪ್ರೋಸೆಸ್ಸುಗಳಿಗೆ ಅಂಟಿಸಿಬಿಟ್ಟಿದ್ದಾರೆ. ತಂದೆ, ಮಗು, ಅನಾಥ. ತಂದೆ ಸತ್ತ ಅನಾಥರನ್ನು ಒಂದನೇ ನಂಬರಿನ ಪ್ರೋಸೆಸ್ ದತ್ತು ತೆಗೆದುಕೊಳ್ಳುತ್ತದೆ. ಜೋಂಬಿ ಎಂಬುದೂ ಒಂದಿದೆ: ಮಗು ಸತ್ತಿದೆ, ಆದರೆ ಸತ್ತದ್ದನ್ನು ತಂದೆ ಬಂದು ವಿಚಾರಿಸಿಕೊಂಡಿಲ್ಲ, ಅಲ್ಲಿಯತನಕ ಅದರ ಹೆಸರು ಪಟ್ಟಿಯಿಂದ ಹೋಗುವುದಿಲ್ಲ. ಇಂಗ್ಲಿಷಿನವರಿಗೆ ಇದು ಸಿನಿಮಾದ ಭೂತ. ನಮಗಾದರೋ ಕಾರ್ಯ ಆಗದೆ ಅಲೆಯುವ ಪ್ರೇತ ಎಂದರೆ ಕ್ಷಣದಲ್ಲಿ ಅರ್ಥವಾಗುತ್ತದೆ. ಗುನಿಕಾರ್ನಿನ ಮಾಸ್ಟರು ತನ್ನ ಸತ್ತ ಮಕ್ಕಳ ಕಾರ್ಯವನ್ನು ತಪ್ಪದೆ ಮಾಡುತ್ತದೆ.

ಮಕ್ಕಳನ್ನು ಹುಟ್ಟಿಸುವ ಬಗೆಯೂ ಸೊಗಸಾದದ್ದು. ಹುಟ್ಟಿದ ಮಗುವಿಗೆ ತಂದೆಯ ಮೆಮರಿ ಪೂರ್ತಿ ನಕಲಾಗುವುದಿಲ್ಲ. ಒಂದೇ ಆಸ್ತಿಯನ್ನು ಇಬ್ಬರೂ ಅನುಭವಿಸುತ್ತಾರೆ. ಯಾರಾದರೂ ಒಂದು ಪುಟದ ಮೇಲೆ ಏನಾದರೂ ಬರೆಯಹೋದಾಗ ಮಾತ್ರ ಆ ಪುಟ ಬೇರೆಯಾಗುತ್ತದೆ. ಅವಿಭಕ್ತ ಕುಟುಂಬ. ಆದರೆ ಪೈಥಾನಿಗೆ ಒಂದು ಚಾಳಿ: ಒಂದು ವಸ್ತುವನ್ನು ಎಷ್ಟು ಮಂದಿ ಹಿಡಿದುಕೊಂಡಿದ್ದಾರೆ ಎಂಬ ಲೆಕ್ಕವನ್ನು ಆ ವಸ್ತುವಿನ ಮೈಮೇಲೇ ಬರೆದಿಡುತ್ತದೆ. ಬರಿದೇ ಕೈಗೆತ್ತಿಕೊಂಡು ನೋಡಿದರೂ ಬರೆದ ಹಾಗೆಯೇ. ಹೀಗಾಗಿ ಪಾತ್ರೆ ಪಗಡಗಳೆಲ್ಲ ಒಂದೊಂದಾಗಿ ಪಾಲಾಗುತ್ತ, ವರ್ಷದೊಳಗೆ ಒಲೆಯೂ ಬೇರೆಯಾಗುತ್ತದೆ. ನಮ್ಮ ಕಡೆಯ ದೊಡ್ಡ ಮನೆಗಳು ಒಡೆದದ್ದೂ ಇದೇ ರೀತಿ, ಲೋಟಗಳಿಂದ.

ಇಷ್ಟೆಲ್ಲದರ ನಡುವೆ ಜಾಂಗೊ ಮತ್ತು ಗುನಿಕಾರ್ನ್ ಒಂದನ್ನೊಂದು ಕಂಡೇ ಇಲ್ಲದವು. ಹೊಂದಿಕೊಳ್ಳುವುದು ಡಬ್ಲ್ಯುಎಸ್‌ಜಿಐ ಎಂಬ ಕರಾರಿನಿಂದ. 2003ರಲ್ಲಿ ಫಿಲಿಪ್ ಎಬಿ ಎಂಬವರು ಬರೆದದ್ದು. ಪೈಥಾನಿನ ಪ್ರಸ್ತಾವಗಳ ಪಟ್ಟಿಯಲ್ಲಿ 333ನೆಯದು. ಅದಕ್ಕೆ ಮೊದಲು ಮನೆಗೊಂದು ಕೊಳಗ ಇದ್ದ ಹಾಗೆ, ಪ್ರತಿ ಚೌಕಟ್ಟಿಗೂ ಅದಕ್ಕೆ ಒಗ್ಗುವ ಸರ್ವರನ್ನೇ ಹುಡುಕಬೇಕಿತ್ತು. ಎಬಿಯವರ ಕರಾರು ಇಷ್ಟೇ: ಸರ್ವರು ಕೋರಿಕೆಯ ವಿವರವನ್ನು ಒಂದು ಪಟ್ಟಿಯಾಗಿ ಕೊಡಬೇಕು, ಪ್ರೋಗ್ರಾಮು ಉತ್ತರವನ್ನು ಬೈಟುಗಳಾಗಿ ಹಿಂದಿರುಗಿಸಬೇಕು. ಬಾಯಲ್ಲಿ 'ವಿಸ್ಗಿ' ಅನ್ನುತ್ತಾರೆ. ಗೆಳೆಯನ ಜೊತೆ ನಾನು ಫೋನಿನಲ್ಲಿ, "ವಿಸ್ಗಿ ಇದ್ದರೆ ಎಲ್ಲ ಸರಿಹೋಗುತ್ತೆ ಅಂತೀಯಾ?" ಎಂದು ಕೇಳಿದ್ದನ್ನು ಜಗಲಿಯಲ್ಲಿದ್ದ ಪಕ್ಕದ ತೋಟದ ಗೌಡರು ಬೇರೆಯೇ ಆಗಿ ಕೇಳಿಸಿಕೊಂಡು, ಅಂದೇ ಸಂಜೆ ಒಂದು ಬಾಟಲಿ ಸಮೇತ ಬಂದರು.

ಎಷ್ಟು ವರ್ಕರು ಬೇಕು? ಗುನಿಕಾರ್ನಿನ ಕೈಪಿಡಿಯ ಸೂತ್ರ: ಕೋರ್‌ಗಳ ಎರಡರಷ್ಟು, ಮೇಲೊಂದು. ಒಬ್ಬ ಲೆಕ್ಕ ಹಾಕುವಾಗ ಇನ್ನೊಬ್ಬ ಓದುವುದರಲ್ಲೋ ಬರೆಯುವುದರಲ್ಲೋ ಕಾಯುತ್ತಿರುತ್ತಾನೆ ಎಂಬ ಅಂದಾಜು. ನನ್ನದು ಒಂದು ಕೋರ್, ಆದ್ದರಿಂದ ಮೂರು. ಇನ್ನೂರು ಮನೆಗೆ ಮೂರು ಆಳೇ? ಕೊಯ್ಲಿನ ಕಾಲದಲ್ಲಿ ಜನ ಸಿಗದೆ ಒದ್ದಾಡಿದ ವಂಶದವನು ನಾನು. ಬಿಟ್ಟಿ ಆಳು ಸಿಗುವಾಗ ಬಿಡುವುದುಂಟೆ? ಹನ್ನೆರಡು ಎಂದು ಬರೆದೆ. ಒಬ್ಬೊಬ್ಬನಿಗೆ ಸುಮಾರು 60 ಎಂಬಿ ಊಟ. ಒಂದು ರಾತ್ರಿ ಮೆಮರಿ ಬರಿದಾಯಿತು. ಆಗ ಲಿನಕ್ಸ್ ಯಾರನ್ನಾದರೂ ಬಲಿ ಕೊಟ್ಟು ಮನೆ ಉಳಿಸಿಕೊಳ್ಳುತ್ತದೆ. ಅವತ್ತು ಅದರ ಕಣ್ಣು ಬಿದ್ದದ್ದು ಡೇಟಾಬೇಸಿನ ಮೇಲೆ. ಹನ್ನೆರಡು ಆಳುಗಳೂ ಸುಖವಾಗಿದ್ದರು, ಕಣಜವೇ ಇರಲಿಲ್ಲ. ನಾಲ್ಕರಿಂದ ಹನ್ನೆರಡು ವರ್ಕರುಗಳು ಸೆಕೆಂಡಿಗೆ ನೂರಾರು, ಸಾವಿರಾರು ಕೋರಿಕೆ ನಿಭಾಯಿಸುತ್ತವೆ, ಗಿರಾಕಿಗಳ ತಲೆಯೆಣಿಸಿ ಆಳು ಇಡಬೇಡಿ ಎಂದು ಅದೇ ಕೈಪಿಡಿಯಲ್ಲಿ, ಆ ಸೂತ್ರಕ್ಕೂ ಮೊದಲೇ ಇತ್ತು. ಮೂರಕ್ಕೆ ಇಳಿಸಿದೆ.

ಮೂರಿದ್ದಾಗ ಇನ್ನೊಂದು ರೋಗ ಕಂಡಿತು, ಇದೇ ಇಡೀ ಪ್ರಸಂಗದ ರಸವತ್ತಾದ ಭಾಗ. ಬೆಳಿಗ್ಗೆ ಎಂಟರ ಹೊತ್ತಿಗೆ ಸೈಟು ಐದೈದು ನಿಮಿಷ ಕಲ್ಲಾಗುತ್ತಿತ್ತು. ಲಾಗ್ ತುಂಬ 'ವರ್ಕರ್ ಟೈಮ್‌ಔಟ್'. ಒಂದೇ ಒಂದು ಸೇರ್ಪಡೆಗೆ ಅಷ್ಟು ಹೊತ್ತು ಹಿಡಿಯುವ ಲೆಕ್ಕವಾದರೂ ಏನಿದೆ ಎಂದು ನನ್ನ ಕೋಡನ್ನು ಮೂರು ದಿನ ಜಾಲಾಡಿದೆ. ತಪ್ಪು ಕೋಡಿನಲ್ಲಿ ಇರಲಿಲ್ಲ, ಗುಡ್ಡದಲ್ಲಿತ್ತು. ಗುಡ್ಡದಾಚೆಯ ತೋಟಗಳಲ್ಲಿ ಫೋನಿಗೆ ಸಿಗ್ನಲ್ಲು ಒಂದೇ ಕಡ್ಡಿ, ಅದೂ ಹಲಸಿನ ಮರದ ಬುಡದಲ್ಲಿ ನಿಂತರೆ. ಅಲ್ಲಿಂದ ಒಬ್ಬರು ಕೊಳವೆಯ ಫೋಟೊ ಕಳಿಸಿದರೆ ಬೈಟು ಬೈಟಾಗಿ ಇಳಿದು ಬರಲು ನಿಮಿಷ ಬೇಕು. ಗುನಿಕಾರ್ನಿನ ಸಾಮಾನ್ಯ ವರ್ಕರು ಒಂದು ಸಲಕ್ಕೆ ಒಂದೇ ಕೆಲಸ ಹಿಡಿಯುವವನು. ಫೋಟೊ ಪೂರ್ತಿ ಬರುವತನಕ ಕೈಚಾಚಿ ನಿಂತೇ ಇರುತ್ತಾನೆ. ಅಂಥ ಮೂರು ಫೋಟೊ ಒಟ್ಟಿಗೆ ಬಂದರೆ ಮೂವರೂ ಅಲ್ಲೇ. ಮಿಕ್ಕವರೆಲ್ಲ ಗೇಟಿನ ಹೊರಗೆ. ಮೇಲಾಗಿ ಮೂವತ್ತನೇ ಸೆಕೆಂಡಿಗೆ ಮೇಸ್ತ್ರಿ ಬಂದು ಅವರನ್ನು ಮುಗಿಸುತ್ತಾನೆ, ಕಳಿಸಿದವರು ಮತ್ತೆ ಮೊದಲಿನಿಂದ ಕಳಿಸುತ್ತಾರೆ.

ಮದ್ದು ಎಂಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರ್. ರಷ್ಯದ ಇಗೋರ್ ಸಿಸೋಯೆವ್ 2004ರಲ್ಲಿ ಹೊರತಂದದ್ದು. ಗೇಟಿನಲ್ಲಿ ಕೂತು ಸಾವಿರ ಜನರ ಮಾತನ್ನು ಒಟ್ಟಿಗೆ, ಒಬ್ಬರಿಗೂ ಬೇಸರವಾಗದಂತೆ ಆಲಿಸಬಲ್ಲ ತಾಳ್ಮೆ ಅದರದ್ದು. ನಿಧಾನಕ್ಕೆ ಬರುವ ಫೋಟೊವನ್ನು ತಾನು ಕೂಡಿಟ್ಟುಕೊಂಡು, ಇಡಿಯಾದ ಮೇಲೆ ಒಳಗಿನ ವರ್ಕರ್‌ಗೆ ಒಂದೇ ಏಟಿಗೆ ಕೊಡುತ್ತದೆ. ಅವನು ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತಾನೆ. ಹಾಕಿದ ಮೊದಲ ದಿನ ಸೈಟಿನಲ್ಲಿ 502 ಎಂಬ ತಪ್ಪು. ಲಾಗಿನಲ್ಲಿ 13ನೇ ನಂಬರಿನ ತಪ್ಪು, ಅನುಮತಿ ಇಲ್ಲ. ಇಬ್ಬರೂ ಮಾತಾಡಿಕೊಳ್ಳುವ ಸಾಕೆಟ್ ಫೈಲನ್ನು ನಾನು ನನ್ನ ಹೋಮ್ ಡೈರೆಕ್ಟರಿಯಲ್ಲಿ ಇಟ್ಟಿದ್ದೆ, ಉಬುಂಟು 21.04ರಿಂದ ಈಚೆಗೆ ಮನೆಯೊಳಕ್ಕೆ ಪರರಿಗೆ ಪ್ರವೇಶವಿಲ್ಲ. ಕಾವಲುಗಾರ ಅಂಗಳದಲ್ಲಿ ನಿಂತು ಅಡುಗೆಮನೆಯ ಕಿಟಕಿ ತಟ್ಟುವುದು ಹೇಗೆ? ಸಾಕೆಟ್ಟನ್ನು ರನ್ ಡೈರೆಕ್ಟರಿಗೆ, ಎಲ್ಲರೂ ಓಡಾಡುವ ಜಗಲಿಗೆ ತಂದಿಟ್ಟೆ. ಎರಡನೇ ದಿನ 413. ಎಂಜಿನ್‌ಎಕ್ಸ್‌ಗೆ ಹೇಳದಿದ್ದರೆ ಅದು 1 ಎಂಬಿಗಿಂತ ದೊಡ್ಡ ಗಂಟನ್ನು ಒಳಗೆ ಬಿಡುವುದಿಲ್ಲ. ಈಗಿನ ಫೋನುಗಳು ಅರ್ಧ ಲೋಟ ನೀರಿಗೆ 4 ಎಂಬಿ ಫೋಟೊ ತೆಗೆಯುತ್ತವೆ. ಮಿತಿ ಏರಿಸಿದೆ.

ಗೆಳೆಯನ ಕಚೇರಿಯಲ್ಲಿ ಆಗ ಯುವಿಸ್ಗಿ ಎಂಬ ಇನ್ನೊಂದನ್ನು ಬಳಸುತ್ತಿದ್ದರು. ಇಟಲಿಯವರದು. ಅದರ ಗುಣವೇ ಬೇರೆ: ಅದರಲ್ಲಿ ಚಕ್ರವರ್ತಿ ಇದ್ದಾನೆ, ಸಾಮಂತರಿದ್ದಾರೆ, ಹೇಸರಗತ್ತೆಗಳಿವೆ, ತಡಮಾಡುವ ವರ್ಕರನ್ನು ಕೊಲ್ಲುವ ಸೆಟ್ಟಿಂಗಿನ ಹೆಸರು ಹರಾಕಿರಿ. ವರ್ಕರು ಸತ್ತರೆ ಲಾಗಿನಲ್ಲಿ 'ಡ್ಯಾಮ್!' ಎಂದು ಉದ್ಗರಿಸಿ, ಅಳುಮುಖದ ಚಿಹ್ನೆ ಹಾಕಿ, ಮತ್ತೆ ಹುಟ್ಟಿಸಲು ನೋಡುತ್ತಿದ್ದೇನೆ ಎಂದು ಬರೆಯುತ್ತದೆ. ಲಾಗಿಗೆ ಇಷ್ಟು ಭಾವುಕತೆ ಇರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಒಂದು ಮಳೆಮಾಪಕಕ್ಕೆ ಸಾಮ್ರಾಜ್ಯ ಯಾಕೆ? 2022ರಲ್ಲಿ ಅದರವರೇ ಇನ್ನು ಹೊಸದೇನೂ ಇಲ್ಲ, ದುರಸ್ತಿ ಮಾತ್ರ ಎಂದು ಹೇಳಿದರು. ಚಕ್ರವರ್ತಿಗೆ ವಾನಪ್ರಸ್ಥ.

ಮೇಸ್ತ್ರಿಯೇ ಬಿದ್ದರೆ ಎತ್ತುವವರು ಯಾರು? ಅದಕ್ಕೆ ಸಿಸ್ಟಮ್‌ಡಿ, ಒಂದನೇ ನಂಬರಿನ ಪ್ರೋಸೆಸ್, ಅನಾಥರನ್ನು ದತ್ತು ತೆಗೆದುಕೊಳ್ಳುವ ಅದೇ ಹಿರಿಯ. ಹತ್ತು ಹನ್ನೆರಡು ಸಾಲಿನ ಒಂದು ಫೈಲು ಬರೆದುಕೊಟ್ಟರೆ ಯಂತ್ರ ಎದ್ದಾಗ ಗುನಿಕಾರ್ನನ್ನು ಎಬ್ಬಿಸುತ್ತದೆ, ಬಿದ್ದರೆ ಮತ್ತೆ ನಿಲ್ಲಿಸುತ್ತದೆ. ನನ್ನ ಲ್ಯಾಪ್‌ಟಾಪು ಬಾಯಿ ಮುಚ್ಚಿಕೊಂಡಿತು.

ಹಳೆಯ ವೈರಿ ಹಪ್ ಇಲ್ಲಿ ಸಿಕ್ಕಿತು, ಆದರೆ ಸ್ನೇಹಿತನಾಗಿ. ಗುನಿಕಾರ್ನಿನ ಮಾಸ್ಟರಿಗೆ ಹಪ್ ಕಳಿಸಿದರೆ ಅದು ಸಾಯುವುದಿಲ್ಲ. ಹೊಸ ಕೋಡಿನ ಹೊಸ ವರ್ಕರುಗಳನ್ನು ಹುಟ್ಟಿಸಿ, ಹಳಬರಿಗೆ ಕೈಯಲ್ಲಿರುವುದನ್ನು ಮುಗಿಸಿ ಹೊರಡಿ ಅನ್ನುತ್ತದೆ. ಇನ್ನೊಂದು ಸೌಕರ್ಯವೂ ಇದೆ: ಇಂತಿಷ್ಟು ಕೋರಿಕೆ ಮುಗಿಸಿದ ವರ್ಕರು ತಾನಾಗಿ ನಿವೃತ್ತನಾಗಲಿ ಎಂದು ಹೇಳಿಡಬಹುದು, ಮೈಯಲ್ಲಿ ಸೇರಿಕೊಂಡ ಬೊಜ್ಜು ಕರಗಲಿಕ್ಕೆ. ಎಲ್ಲರೂ ಒಟ್ಟಿಗೆ ಹೊರಟುಹೋಗದಂತೆ ಆ ಸಂಖ್ಯೆಯನ್ನು ಒಬ್ಬೊಬ್ಬರಿಗೂ ಸ್ವಲ್ಪ ಸ್ವಲ್ಪ ಆಚೀಚೆ ಮಾಡುವುದಕ್ಕೂ ಅವಕಾಶವಿದೆ. ಅರ್ಧ ಜನ ಈ ವಾರ ಸಂತೆಗೆ, ಅರ್ಧ ಜನ ಮುಂದಿನ ವಾರ ಎಂದು ನಮ್ಮ ಮೇಸ್ತ್ರಿ ಹೇಳುತ್ತಿದ್ದ. ಅದನ್ನು ಅವನು ಎಲ್ಲಿ ಓದಿದ್ದನೋ.

ಕಳೆದ ಹೂಮಳೆ ಸಂಜೆ ಐದೂವರೆಗೆ ಶುರುವಾಯಿತು. ಗುಡುಗಿನ ಮೊದಲ ಸದ್ದಿಗೇ ಕರೆಂಟು ಹೋಯಿತು. ನಾವೆಲ್ಲ ಜಗಲಿಯಲ್ಲಿ ಕತ್ತಲೆಯಲ್ಲಿ ಕೂತು, ಹೆಂಚಿನ ಮೇಲಿನ ಸದ್ದಿನಿಂದಲೇ ಸೆಂಟು ಅಂದಾಜು ಮಾಡುತ್ತಿದ್ದೆವು. ಲ್ಯಾಪ್‌ಟಾಪು ಕೋಣೆಯಲ್ಲಿ ಮುಚ್ಚಿಕೊಂಡು ಮಲಗಿತ್ತು. ಫೋನಿನಲ್ಲಿ ನೋಡಿದರೆ ಸೈಟು ಎದ್ದೇ ಇದೆ. ಒಂದೊಂದಾಗಿ ತೋಟಗಳ ಹೆಸರು ಬಂದು ಸಾಲುಗಟ್ಟುತ್ತಿದೆ. ಅಂದು ರಾತ್ರಿ ಒಬ್ಬ ವರ್ಕರೂ ಸಾಯಲಿಲ್ಲ.

ಮರುದಿನ ಬೆಳಿಗ್ಗೆ ಎಂಟೂಕಾಲಕ್ಕೆ ಗೌಡರ ಫೋನು. "ನಿನ್ನ ಕಂಪ್ಯೂಟರ್ ಸರಿಯಿಲ್ಲ ಕಣಯ್ಯ. ನಮ್ದು 1-12 ಅಂತ ತೋರಿಸ್ತಿದೆ. ಬಿದ್ದಿದ್ದು 1-21." ತೆಗೆದು ನೋಡಿದೆ. ಏಳೂವರೆಗೆ ಅವರೇ 1-12 ಎಂದು ತುಂಬಿದ್ದರು. ನಮ್ಮ ಮನೆಯದು ಏಳೂಮುಕ್ಕಾಲಕ್ಕೆ ಬಂದಿತ್ತು. ಗೌಡರದನ್ನು 1-21 ಎಂದು ತಿದ್ದಿದೆ. ನಮ್ಮದು 1-18.